ಗೆರೆ ಕಾದ ಟೀಚರ್

ಒಂದು ಮಾತು ಆಡಬೇಕಾಗಿತ್ತು, ಆಡಲಿಲ್ಲ. ದೊಡ್ಡ ಮಾತೇನೂ ಅಲ್ಲ. ‘ಹೌದು, ಕಾಲು ಗೆರೆಯ ಮೇಲೆ ಬಿದ್ದಿತ್ತು’ ಎಂದಿದ್ದರೆ ಸಾಕಿತ್ತು. ನಾನು ಅದನ್ನು ನುಂಗಿಕೊಂಡಿದ್ದರಿಂದ ಒಬ್ಬ ಒಳ್ಳೆಯ ಹೆಣ್ಣುಮಗಳು ಹತ್ತು ಜನರ ನಡುವೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ನನ್ನ ತಮ್ಮ ತಾನು ಜೀವಕ್ಕಿಂತ ಹೆಚ್ಚಾಗಿ ಇಷ್ಟಪಟ್ಟವರನ್ನು ಕಳೆದುಕೊಂಡ. ಇಷ್ಟಾದರೂ ಆ ಹೆಣ್ಣುಮಗಳು ನನಗೆ ಕೊಟ್ಟದ್ದನ್ನು ಲೆಕ್ಕ ಹಾಕಲು ಕುಳಿತರೆ ನನ್ನ ತಪ್ಪು ಒಂದು ಕಡೆ, ಅವರ ಉಪಕಾರ ಎಲ್ಲ ಕಡೆ. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬಂದಷ್ಟು ಬರೆಯುತ್ತೇನೆ.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಜಂಪರು, ಲಂಗ ಹೊಲಿಯುತ್ತಿದ್ದವಳು ತಮ್ಮನ ದೆಸೆಯಿಂದ ಕಬಡ್ಡಿ ತಂಡಗಳ ಬನಿಯನ್ನು, ಚಡ್ಡಿ ಹೊಲಿಯುವವಳಾದೆ. ನಮ್ಮ ಕಡೆ ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಕಬಡ್ಡಿ ಶುರುವಾಗುತ್ತದೆ. ಇವತ್ತು ಸವದತ್ತಿ ಕಡೆ, ನಾಳೆ ರಾಮದುರ್ಗದ ಕಡೆ, ಆಮೇಲೆ ಕಿತ್ತೂರು. ಹುಡುಗಾಟಿಕೆಯ ಆಟ ಅದಲ್ಲ. ವ್ಯಾಪಾರಸ್ಥರು ತಂಡ ಕಟ್ಟಿ, ಪಗಾರ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುತ್ತಾರೆ. ನನ್ನ ತಮ್ಮ ಬೈಲಹೊಂಗಲದ ಒಬ್ಬ ಅರಳೆ ವ್ಯಾಪಾರಿಯ ತಂಡದಲ್ಲಿ ರೇಡರ್ ಆಗಿದ್ದ. ಉಳಿದವರು ಹೊಲಕ್ಕೆ, ಆಫೀಸಿಗೆ ಹೋಗುವಂತೆ ಅವನು ಅಂಕಣಕ್ಕೆ ಹೋಗುತ್ತಿದ್ದ. ನಾನು ಹೇಳಹೊರಟ ಆ ಹೆಣ್ಣುಮಗಳೂ ಅಲ್ಲಿಗೇ ಕೆಲಸಕ್ಕೆ ಬರುತ್ತಿದ್ದರು. ಅವರು ಅಂಪೈರ್.

ಕಿತ್ತೂರಿನ ಹತ್ತಿರದ ದೇಗಾಂವದವರು. ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಅತಿಥಿ ಶಿಕ್ಷಕಿ. ರಜೆಯ ದಿನ ಸೀಟಿ ಹಿಡಿದು ಮ್ಯಾಚಿಗೆ ಬರುವರು. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಒಂದು ಕರಿ ಪ್ಯಾಂಟು ಹಿಡಿದುಕೊಂಡು.

“ಅಕ್ಕಾರ, ಇದಕ್ಕ ಕಿಸೆ ಹಚ್ಚಿ ಕೊಡ್ರಿ. ಹೆಣಮಕ್ಕಳ ಪ್ಯಾಂಟಿಗೆ ಬರೇ ಕಿಸೆದ ಚಿತ್ರಾ ತಗದಿರ್ತಾರ, ಕಿಸೆನ ಇರೂದಿಲ್ಲ.”

“ಏನ ಇಡಾಕ್ರಿ?”

“ಸೀಟಿ.”

“ಸೀಟಿ ಕೊರಳಾಗ ಹಾಕ್ಕೋತಾರಲ್ರಿ?”

“ಆಟದಾಗ ಹಾಕ್ಕೋತೇನಿ. ಆಟ ಮುಗದ ಮ್ಯಾಲೂ ಕೊರಳಾಗ ಇದ್ರ ಮಂದಿ, ‘ಅಂಪೈರ್ ಬಂದ್ರು, ಚಾ ತರಸೋ’ ಅಂತಾರ. ಒಂದ ತಂಡದ ಚಾ ಕುಡದ್ರ ಇನ್ನೊಂದ ತಂಡದವರಿಗೆ ಹೊಟ್ಟಿ ಉರೀತೈತಿ. ಯಾಕ ಬೇಕರಿ ಉಸಾಬರಿ?”

ಇದು ತಮಾಷೆಯ ಮಾತಲ್ಲ ಎಂದು ಆಮೇಲೆ ಗೊತ್ತಾಯಿತು. ಯಾವ ಊರಿಗೆ ಹೋದರೂ ಅವರ ಚೀಲದಲ್ಲಿ ಒಂದು ಥರ್ಮಾಸು, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪಂದ್ಯ ನಡೆಸುವವರು ಊಟಕ್ಕೆ ಎಷ್ಟು ಕರೆದರೂ ಗಿಡದ ನೆರಳಿಗೆ ಹೋಗಿ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ‘ಭಾಳ ಸೊಕ್ಕಿನಾಕಿ’ ಎಂದು ಕೆಲವರು ಆಡಿಕೊಂಡರು. ಅದೇ ಗಿಡದ ಕೆಳಗೆ ನಾನೂ ಬನಿಯನ್ನುಗಳ ಗಂಟು ಇಟ್ಟುಕೊಂಡು ಕುಳಿತಿರುತ್ತಿದ್ದೆ. ನನ್ನ ಬುತ್ತಿಯ ಬೆಳ್ಳುಳ್ಳಿ ಖಾರ ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಅವರ ತಂದೆ ಗುಡಿಯ ಪೂಜಾರಿಕೆ ಮಾಡುವವರು. ಮನೆಯಲ್ಲಿ ಬೆಳ್ಳುಳ್ಳಿಯ ವಾಸನೆಯೂ ಸುಳಿಯಬಾರದು. ಇವರು ರೊಟ್ಟಿಗೆ ಖಾರ ಹಚ್ಚಿಕೊಂಡು, “ಅಪ್ಪಗ ಗೊತ್ತಾದ್ರ ನನಗ ರೆಡ್ ಕಾರ್ಡ್” ಎಂದು ನಗುತ್ತಿದ್ದರು. ಆಟಗಾರರ ಚಹಾ ಬೇಡ ಎನ್ನುವವರು ನನ್ನ ಖಾರ ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದರು. “ನೀವು ಯಾವ ತಂಡದಾಗೂ ಇಲ್ಲಲ್ಲ, ಅಕ್ಕಾರ. ಎಲ್ಲಾರಿಗೂ ಚಡ್ಡಿ ಹೊಲೀತೀರಿ.”

ಅಂಪೈರಿಕೆ ಅವರ ಮೈಯಲ್ಲಿ ಸೇರಿಕೊಂಡಿತ್ತು. ಬಸ್ ನಿಲ್ದಾಣದಲ್ಲಿ ಯಾರಾದರೂ ದಾರಿ ಕೇಳಿದರೆ ಅಂಗೈ ಚಾಚಿ, ತೋಳು ನೆಟ್ಟಗೆ ಮಾಡಿ ಪಾಯಿಂಟು ಕೊಟ್ಟಂತೆ ತೋರಿಸುವರು. ಒಮ್ಮೆ ಸಂತೆಯಲ್ಲಿ ಬದನೆಕಾಯಿ ತೂಗುವಾಕೆ ತಕ್ಕಡಿಯ ಮೇಲೆ ಹೆಬ್ಬೆರಳು ಇಟ್ಟಳು. ಇವರು ಏನೂ ಮಾತಾಡದೆ ಕೈ ಮೇಲೆತ್ತಿ ‘ಔಟ್’ ಎಂಬಂತೆ ಬೆರಳು ತೋರಿಸಿದರು. ಆಕೆಗೂ ಎಷ್ಟು ನಗು ಬಂತೆಂದರೆ ಕೊಸರು ಎರಡು ಬದನೆಕಾಯಿ ಹಾಕಿದಳು. ಎತ್ತರಿಸಿದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ. “ಸೀಟಿ ಐತಲ್ರಿ, ಗಂಟಲು ಯಾಕ ಹರಕೋಬೇಕು?” ಎನ್ನುವರು.

ನನ್ನ ಇಂಗ್ಲಿಷ್ ಅಕ್ಷರ ಅವರು ಕೊಟ್ಟದ್ದು. ಬನಿಯನ್ನಿನ ಬೆನ್ನಿಗೆ ನಂಬರು, ಹೆಸರು ಅಂಟಿಸುವ ಕೆಲಸ ಬಂದಾಗ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ತಂಡಕ್ಕೆ ಆರನ್ನು ತಲೆಕೆಳಗೆ ಅಂಟಿಸಿದೆ. ಅಂಕಣದಲ್ಲಿ ಇಬ್ಬರು ಒಂಬತ್ತನೇ ನಂಬರಿನವರು ನಿಂತರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಂಡದ ಮಾಲಕ ನನ್ನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತೇನೆಂದು ಕೂಗಾಡಿದ. ಟೀಚರ್ ಬಂದು ಆ ಹುಡುಗನ ಬೆನ್ನಿನ ಮೇಲೆ ಸುಣ್ಣದಿಂದ ಒಂದು ಅಡ್ಡಗೆರೆ ಎಳೆದು, “ಗೆರಿ ಇದ್ದಾಂವ ಆರು, ಇಲ್ಲದಾಂವ ಒಂಬತ್ತು. ಆಡ್ರಿ” ಎಂದು ಸೀಟಿ ಊದಿಬಿಟ್ಟರು. ಮರುವಾರದಿಂದ ಅಂಗಡಿಗೆ ಬಂದಾಗಲೆಲ್ಲ ಚಾಕ್‌ಪೀಸಿನಿಂದ ಬಟ್ಟೆಯ ಮೇಲೆ ಅಕ್ಷರ ಬರೆದು ನನ್ನಿಂದ ತಿದ್ದಿಸಿದರು. ಈಗ ಯಾವ ಹೆಸರಾದರೂ ಅಂಟಿಸುತ್ತೇನೆ. ನನ್ನ ಅಂಗಡಿಯ ಫಲಕವನ್ನೂ ನಾನೇ ಬರೆದಿದ್ದೇನೆ.

ಕನ್ನಡಕವೂ ಅವರದೇ ಕೃಪೆ. ನಾನು ಸೂಜಿಯನ್ನು ತೋಳುದ್ದ ದೂರ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದೆ. ನೋಡಿ ನೋಡಿ ಕೇಳಿದರು:

“ಅಕ್ಕಾರ, ನೀವು ಸೂಜಿಗೆ ದಾರಾ ಏರಸಾಕತ್ತೀರೋ, ಆಶೀರ್ವಾದ ಮಾಡಾಕತ್ತೀರೋ?”

ಅವತ್ತೇ ಮಷೀನಿಗೆ ಮುಸುಕು ಹಾಕಿಸಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕನ್ನಡಕ ಹಾಕಿಕೊಂಡು ಹೊರಗೆ ಬಂದಾಗ ಬೇವಿನ ಗಿಡದಲ್ಲಿ ಎಲೆಗಳು ಬೇರೆ ಬೇರೆಯಾಗಿ ಕಂಡವು. ಅಲ್ಲಿಯವರೆಗೆ ಗಿಡ ಎಂದರೆ ಹಸಿರು ಮುದ್ದೆ ಎಂದುಕೊಂಡಿದ್ದೆ. ಮುಂದೆ ಬರೆಯಲಿರುವುದನ್ನು ನೆನೆದರೆ, ಅದೇ ಕನ್ನಡಕದಿಂದ ನಾನು ಏನು ನೋಡಿದೆ, ನೋಡಿಯೂ ಏನು ಮಾಡಿದೆ ಎಂದು ನಾಚಿಕೆಯಾಗುತ್ತದೆ.

ಅವರ ಮತ್ತು ನನ್ನ ತಮ್ಮನ ಸಂಗತಿ ಶುರುವಾದದ್ದು ಸಾಲಹಳ್ಳಿಯ ಒಂದು ಪಂದ್ಯದಲ್ಲಿ. ಎದುರಾಳಿ ತಂಡದ ರೇಡರ್‌ನ ಬೆರಳು ಇವನ ಮೊಣಕೈಗೆ ತಾಗಿತ್ತಂತೆ. ಯಾರೂ ನೋಡಿರಲಿಲ್ಲ, ಅಂಪೈರ್ ಆಗಿದ್ದ ಟೀಚರ್ ಕೂಡ. ಇವನು ತಾನಾಗಿಯೇ ಕೈ ಎತ್ತಿ ಹೊರಗೆ ನಡೆದ. ತಂಡದ ಮಾಲಕ, “ಪಗಾರಾ ನಾ ಕೊಡತೇನಿ, ಪಾಯಿಂಟ ಅವರಿಗೆ ಕೊಡ್ತಿ ಏನಲೇ?” ಎಂದು ಬೈದ. ಮರುದಿನ ಟೀಚರ್ ಅಂಗಡಿಗೆ ಬಂದು, ಏನೋ ನೆನಪಾದವರಂತೆ ಕೇಳಿದರು:

“ಆ ಏಳ ನಂಬರಿನವರು ನಿಮ್ಮ ತಮ್ಮ ಏನ್ರಿ?”

“ಹೌದ್ರಿ. ಏನ ಮಾಡಿದಾ?”

“ಏನಿಲ್ರಿ. ಅಂಥಾವರು ಇನ್ನಾ ನಾಕ ಮಂದಿ ಆದ್ರ ಅಂಪೈರ್ ಮಂದಿ ಮನೀಗೆ ಹೋಗಿ ಹಪ್ಪಳಾ ಮಾಡಬೇಕಾಗತೈತಿ.”

ಆ ಮೇಲೆ ನನ್ನ ತಮ್ಮನ ಬನಿಯನ್ನು ವಾರಕ್ಕೊಮ್ಮೆ ಹರಿಯತೊಡಗಿತು. ಟೀಚರ್ ಅಂಗಡಿಗೆ ಬರುವ ದಿನವೇ ಹರಿಯುತ್ತಿತ್ತು.

“ಇದು ಹರದದ್ದಲ್ಲೋ, ಕತ್ತರಿ ಹಾಕಿದ್ದು. ನನಗ ಕನ್ನಡಕಾ ಬಂದೈತಿ ಈಗ” ಎಂದೆ ಒಮ್ಮೆ.

ಅವನು ಕಿವಿಯವರೆಗೆ ಕೆಂಪಾದ. ಟೀಚರ್ ಗುಂಡಿಯ ಡಬ್ಬಿಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಒಂದು ಗುಂಡಿ ಹುಡುಕಿದರು.

ಇಬ್ಬರೂ ಒಂದು ಕಟ್ಟು ಮಾಡಿಕೊಂಡಿದ್ದರು. ಮ್ಯಾಚಿನ ದಿನ ಮಾತಿಲ್ಲ, ನೋಟವಿಲ್ಲ. ಅಂಕಣದಲ್ಲಿ ಅವನು ‘ಏಳು’, ಅವರು ‘ಮೇಡಂ’. ಒಮ್ಮೆ ಅವನು ತೀರ್ಪಿನ ಬಗ್ಗೆ ವಾದಕ್ಕೆ ನಿಂತದ್ದಕ್ಕೆ ಅವರು ಹಸಿರು ಕಾರ್ಡ್ ತೋರಿಸಿ ಎಚ್ಚರಿಸಿದರು. ಮಾರನೇ ದಿನ ಅಂಗಡಿಯಲ್ಲಿ ಅವನು ಮುಖ ಊದಿಸಿಕೊಂಡು ಶುರುಮಾಡಿದ:

“ನಿನ್ನಿ ಅಂಪೈರ್ ನನಗ ಭಾಳ ಅನ್ಯಾಯ ಮಾಡಿದ್ಲು.”

“ಆ ಅಂಪೈರ್ ಬ್ಯಾರೆ, ನಾ ಬ್ಯಾರೆ” ಎಂದರು ಟೀಚರ್. “ಅಕೀ ಬಗ್ಗೆ ನನ್ನ ಮುಂದ ಚಾಡಿ ಹೇಳಬ್ಯಾಡ್ರಿ.”

“ಹಂಗಾದ್ರ ಅಕೀಗೆ ಹೇಳ್ರಿ, ಅಕೀ ಕಣ್ಣು ಭಾಳ ಚೂಪ ಅದಾವ ಅಂತ.”

“ಹೇಳತೇನಿ. ಅಕಿ ಏನಂತಾಳ ಗೊತ್ತೇನು? ‘ಮದಲ ಕಾಲು ನೋಡ್ಕೊಂಡ ಆಡು ಅನ್ನು ಅಂವಗ’ ಅಂತಾಳ.”

ಸೀಜನ್ನು ಮುಗಿದ ಮೇಲೆ ಎರಡೂ ಮನೆಗಳಲ್ಲಿ ವಿಷಯ ಎತ್ತುವುದೆಂದು ಮಾತಾಗಿತ್ತು. ಗೊತ್ತಿದ್ದವಳು ನಾನೊಬ್ಬಳೇ. ಬಾಯಲ್ಲಿ ‘ಚಲೋ ಆತು’ ಎಂದೆ. ಒಳಗೆ ಹಾಗಿರಲಿಲ್ಲ. ಅವ್ವ ಹೋದಾಗ ತಮ್ಮ ತೊಡೆಯ ಮೇಲಿನ ಕೂಸು. ಅವನನ್ನು ಬೆಳೆಸಿದವಳು ನಾನು. ಗಂಡನ ಮನೆ ನನಗೆ ಕೂಡಿಬರದೆ ಮರಳಿ ಬಂದ ಮೇಲೆ ನನ್ನ ಪ್ರಪಂಚವೆಂದರೆ ಒಂದು ಮಷೀನು, ಒಬ್ಬ ತಮ್ಮ. ನಮ್ಮದು ಒಕ್ಕಲುತನದ ಮನೆ, ಅವರದು ಪೂಜೆಯ ಮನೆ. ಎರಡೂ ಕಡೆಯ ಹಿರಿಯರು ಒಪ್ಪುವುದಿಲ್ಲ, ಇವನು ಅವರನ್ನು ಕರೆದುಕೊಂಡು ಬೇರೆ ಊರಿಗೆ ಹೋಗುತ್ತಾನೆ, ನಾನು ಒಬ್ಬಳೇ ಉಳಿಯುತ್ತೇನೆ ಎಂಬ ಹೆದರಿಕೆ ಹುಳದಂತೆ ಕೊರೆಯುತ್ತಿತ್ತು. ಯಾರು ನನ್ನ ಕಣ್ಣು ತೆರೆಸಿದರೋ ಅವರ ಮೇಲೆಯೇ ಹೊಟ್ಟೆಕಿಚ್ಚು.

ಆ ಸೀಜನ್ನಿನ ಕೊನೆಯ ಪಂದ್ಯ ಚಚಡಿಯ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ನಡೆಯಿತು. ಊರಿನ ಹೆಸರು ಬೇಡ. ಅಲ್ಲಿ ಮ್ಯಾಟ್ ಹಾಸುತ್ತಿರಲಿಲ್ಲ, ಮಣ್ಣಿನ ಅಂಕಣ. ಒಳಗಿನ ಗೆರೆಗಳೆಲ್ಲ ಸುಣ್ಣದವು. ಸುತ್ತಲಿನ ಹೊರಗೆರೆ ಮಾತ್ರ ಭಂಡಾರದ್ದು. ಎಲ್ಲಮ್ಮನ ಹೆಸರಿನಲ್ಲಿ ಹಣೆಗೆ ಹಚ್ಚಿಕೊಳ್ಳುವ ಅರಿಶಿನದ ಭಂಡಾರವನ್ನೇ ಹಿರಿಯರು ಗೆರೆಯಾಗಿ ಎಳೆಯುತ್ತಿದ್ದರು. ಬೇರೆ ಕಡೆ ಗೆರೆ ದಾಟಿ ಹೊರಗೆ ಕಾಲಿಟ್ಟರೆ ಔಟ್. ಆ ಊರಿನಲ್ಲಿ ಹೊರಗೆರೆಯ ಮೇಲೆ ಕಾಲು ಬಿದ್ದರೂ ಔಟ್. ಮೇಲೆ, ತಾಯಿಯ ಭಂಡಾರ ತುಳಿದ ಎನ್ನುವ ಅಪವಾದ ಬೇರೆ. ಆಟಗಾರರು ಆ ಗೆರೆಗೆ ಕೆಂಡಕ್ಕೆ ಹೆದರಿದಂತೆ ಹೆದರುತ್ತಿದ್ದರು.

ಬೈಲಹೊಂಗಲಕ್ಕೂ ರಾಮದುರ್ಗಕ್ಕೂ ಫೈನಲ್. ಟೀಚರ್ ಬೆಳಿಗ್ಗೆಯೇ ನಡೆಸುವವರಿಗೆ ಹೇಳಿದ್ದರು, “ಈ ಮ್ಯಾಚಿಗೆ ನಾ ಬ್ಯಾಡ್ರಿ, ಇನ್ನೊಬ್ಬರನ್ನ ನಿಲ್ಲಿಸ್ರಿ” ಎಂದು. ಕಾರಣ ಹೇಳುವಂತಿರಲಿಲ್ಲ. ಬರಬೇಕಾಗಿದ್ದ ಇನ್ನೊಬ್ಬ ಅಂಪೈರ್ ಬರಲಿಲ್ಲ. ಜನ ಸೇರಿಯಾಗಿತ್ತು. ಅವರೇ ನಿಂತರು.

ಕೊನೆಯ ರೇಡಿಗೆ ಎರಡೂ ಕಡೆ ಸಮ. ನನ್ನ ತಮ್ಮ ಹೋದ. ಮೂಲೆಯವನ ಭುಜ ಮುಟ್ಟಿದ, ಹಿಡಿಯಲು ಬಂದವರಿಂದ ಜಾರಿಕೊಂಡು ಹೊರಗೆರೆಯ ಅಂಚಿನಲ್ಲೇ ಓಡಿದ. ಇಬ್ಬರು ಅವನ ಮೇಲೆ ಬಿದ್ದರು. ಅವರನ್ನು ಎಳೆದುಕೊಂಡೇ ಹಾರಿ ನಡುಗೆರೆ ಮುಟ್ಟಿದ. ನಮ್ಮ ಕಡೆಯವರು ಹಲಗಿ ಬಡಿಯತೊಡಗಿದರು. ಆ ಸದ್ದಿನ ನಡುವೆ ಸೀಟಿ ಕೇಳಿಸಿತು. ಟೀಚರ್ ಹೊರಗೆರೆಯ ಹತ್ತಿರ ಬಗ್ಗಿ ನಿಂತು, ಕೈ ಎತ್ತಿ, ಪಾಯಿಂಟನ್ನು ರಾಮದುರ್ಗದ ಕಡೆಗೆ ತೋರಿಸಿದರು.

“ರೇಡರ್ ಔಟ್. ಗೆರಿ ತುಳದಾರ.”

ಜನ ಅಂಕಣಕ್ಕೆ ನುಗ್ಗಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗೆರೆಯೂ ಇಲ್ಲ, ಗುರುತೂ ಇಲ್ಲ, ಎಲ್ಲ ಕಾಲ್ತುಳಿತ. ನನ್ನ ತಮ್ಮನ ಮೀನಖಂಡ ಹಿಡಿದುಕೊಂಡಿತ್ತು. ಇಬ್ಬರು ಅವನನ್ನು ಎತ್ತಿ ತಂದು ನನ್ನ ಮುಂದೆ ಮಲಗಿಸಿದರು. ನಾನು ಅವನ ಕಾಲನ್ನು ತೊಡೆಯ ಮೇಲಿಟ್ಟು ತಿಕ್ಕತೊಡಗಿದೆ. ಅವನು ನೋವಿಗೆ ಕಣ್ಣು ಮುಚ್ಚಿದ್ದ. ಆಗ ನೋಡಿದೆ. ಬಲಗಾಲಿನ ಹಿಮ್ಮಡಿಗೆ, ಬೆವರಿಗೆ ಅಂಟಿಕೊಂಡು, ಹಳದಿ.

ಅಲ್ಲಿ ಆಗಲೇ ಗದ್ದಲ ಎದ್ದಿತ್ತು. ನಮ್ಮ ಮಾಲಕ ಕೂಗುತ್ತಿದ್ದ:

“ರಾಮದುರ್ಗದವರಿಗೆ ಮಾರ್ಕೊಂಡಾಳ್ರಿ ಇಕಿ! ಮುಂಜಾನೆ ‘ಈ ಮ್ಯಾಚ್ ನನಗ ಬ್ಯಾಡ’ ಅಂದ್ಲಂತ. ಯಾಕ ಅಂದ್ಲು? ಒಳಗ ಏನೋ ಹೊಂದಾಣಿಕಿ ಇತ್ತು, ಅದಕ್ಕ!”

ಊರ ಹಿರಿಯರೊಬ್ಬರು ಹಿತ್ತಾಳೆಯ ತಟ್ಟೆಯಲ್ಲಿ ಭಂಡಾರ ತಂದು ಟೀಚರ್ ಮುಂದೆ ಹಿಡಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಪಂಚಾಯಿತಿ ಇಲ್ಲ. ಭಂಡಾರ ಮುಟ್ಟಿ ಹೇಳಿದ್ದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

“ಇದನ್ನ ಮುಟ್ಟಿ ಆಣಿ ಮಾಡಬೇ ತಂಗಿ. ‘ಈ ಎರಡೂ ತಂಡದಾಗ ಯಾರ ಜೋಡಿನೂ ನನಗ ಒಳಸಂಬಂಧ ಇಲ್ಲ’ ಅನ್ನು. ಮುಗೀತು, ನಿನ್ನ ಮಾತ ಖರೇ.”

ಟೀಚರ್ ಕೈ ಮುಂದೆ ಚಾಚಿದರು. ಮತ್ತೆ ಹಿಂದಕ್ಕೆ ತೆಗೆದುಕೊಂಡರು.

“ಕಾಲು ಗೆರಿ ಮ್ಯಾಲ ಬಿದ್ದಿತ್ತು. ಅದಕ್ಕ ಬೇಕಾದ್ರ ಈಗ ಆಣಿ ಮಾಡತೇನ್ರಿ ಅಜ್ಜಾರ. ನೀವು ಕೇಳಿದ್ದಕ್ಕ ಮಾಡಾಕ ಬರೂದಿಲ್ಲ.”

“ನೋಡ್ರಿ, ನೋಡ್ರಿ, ಹಿಂದ ಸರದ್ಲು!” ಎಂದು ಜನ ಒದರಿತು.

ಸಂಬಂಧ ಇದ್ದದ್ದು ರಾಮದುರ್ಗದವರ ಜೊತೆ ಅಲ್ಲ, ಯಾರನ್ನು ಔಟ್ ಕೊಟ್ಟರೋ ಅವನ ಜೊತೆ ಎಂದು ನನಗೆ ಗೊತ್ತಿತ್ತು. ಅವರು ಆ ಮಾತು ಹೇಳಿದ್ದರೆ ತಾವು ಉಳಿಯುತ್ತಿದ್ದರು. ತುಂಬಿದ ಜನರ ನಡುವೆ ನನ್ನ ತಮ್ಮನ ಹೆಸರು ಹಿಡಿಯಲು, ಎರಡೂ ಮನೆಗಳಿಗೆ ಹೀಗೆ ಸುದ್ದಿ ಮುಟ್ಟಿಸಲು ಅವರಿಗೆ ಮನಸ್ಸಾಗಲಿಲ್ಲ. ಸುಳ್ಳು ಆಣೆ ಮಾಡಲೂ ಕೈ ಬರಲಿಲ್ಲ. ನಡುವೆ ನಿಂತರು.

ನಾನು ಅವನ ಕಾಲು ಎತ್ತಿ ತೋರಿಸಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವನು ಕಣ್ಣು ತೆರೆದು ತನ್ನ ಹಿಮ್ಮಡಿ ನೋಡಿಕೊಂಡಿದ್ದರೂ ಸಾಲಹಳ್ಳಿಯಲ್ಲಿ ಎತ್ತಿದಂತೆ ತಾನೇ ಕೈ ಎತ್ತುತ್ತಿದ್ದ. ಅದು ಗೊತ್ತಿದ್ದೇ ನಾನು ಸೆರಗಿನ ತುದಿಗೆ ಎಂಜಲು ಹಚ್ಚಿ ಅವನ ಹಿಮ್ಮಡಿ ಒರೆಸಿದೆ. ತಾಯಿಯ ಭಂಡಾರ ತುಳಿದ ಎಂಬ ಹೆಸರು ಅವನಿಗೆ ಬರಬಾರದು ಎಂದು ಒರೆಸಿದೆ ಎನ್ನಬಹುದು. ಅದು ಅರ್ಧ ಖರೆ. ಇಲ್ಲಿಗೆ ಈ ಸಂಬಂಧ ಹರಿಯಲಿ ಎಂಬುದು ಉಳಿದರ್ಧ.

ಅವನು ಕಣ್ಣು ಬಿಟ್ಟು ಕೇಳಿದ. “ಅಕ್ಕಾ, ತುಳದಿದ್ನ್ಯಾ?”

“ಇಲ್ಲೋ ತಮ್ಮಾ. ನಾ ನೋಡೇನಿ.”

ಎರಡು ದಿನ ಬಿಟ್ಟು ಟೀಚರ್ ಅಂಗಡಿಗೆ ಬಂದರು. ತಮ್ಮ ಅಲ್ಲಿಯೇ ಕುಳಿತಿದ್ದ.

“ಅಂಪೈರ್ ಬಗ್ಗೆ ನಿಮ್ಮ ಮುಂದ ಚಾಡಿ ಹೇಳಬಾರದು ಅಂದಿದ್ರಿ” ಎಂದ ಅವನು. “ಇವತ್ತ ಹೇಳತೇನಿ. ನನ್ನ ಕಡೆ ಅದಾಳ ಅಂತ ಮಂದಿ ಅನ್ನಬಾರದು ಅಂತ ಅಕಿ ಭಾಳ ಹೆದರಿದ್ಲು. ತಾ ಸಾಚಾ ಅನ್ನಿಸ್ಕೊಳ್ಳಾಕ ನನ್ನ ಕುತಗಿ ಕೊಯ್ದ್ಲು.”

“ನಾ ಕಂಡದ್ದಕ್ಕ ಸೀಟಿ ಊದೇನಿ.”

“ನಮ್ಮಕ್ಕ ಕಾಲು ತೊಡಿ ಮ್ಯಾಲ ಇಟ್ಕೊಂಡ ನೋಡ್ಯಾಳ್ರಿ. ಅಂದ್ರ ನಮ್ಮಕ್ಕ ಸುಳ್ಳ ಹೇಳತಾಳೇನು?”

ಟೀಚರ್ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಲಿಲ್ಲ. ಮಷೀನಿನಲ್ಲಿ ಬಟ್ಟೆಯೇ ಇರಲಿಲ್ಲ, ಆದರೂ ಪೆಡಲು ತುಳಿಯುತ್ತಿದ್ದೆ. ಅವರಿಗೆ ತಿಳಿಯಿತು. ಜನರ ಕಾಲು ನೋಡಿ ಬದುಕುವವರಿಗೆ ಇದು ತಿಳಿಯದೇ? ಒಂದು ಮಾತು, ‘ಹೌದು, ನಿಮ್ಮಕ್ಕ ಸುಳ್ಳು ಹೇಳುತ್ತಾಳೆ’ ಎಂದಿದ್ದರೆ, ತಮ್ಮ ಹಟ ಹಿಡಿದು ನನ್ನ ಬಾಯಿ ಬಿಡಿಸುತ್ತಿದ್ದನೇನೋ. ಅವರು ಅನ್ನಲಿಲ್ಲ. ತಾಯಿಯ ಜಾಗದಲ್ಲಿ ನಿಂತವಳನ್ನು ಅವನ ಕಣ್ಣೆದುರು ಇಳಿಸಲು ಅವರಿಂದ ಆಗಲಿಲ್ಲ.

“ಅಕ್ಕಾರ ಮ್ಯಾಲ ಯಾಕ ಹಾಕ್ತೀರಿ? ಬಿಡ್ರಿ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಮೆಟ್ಟಿಲ ಹತ್ತಿರ ನಿಂತು, “ಕನ್ನಡಕಾ ಒರಿಸ್ಕೋತಾ ಇರ್ರಿ ಅಕ್ಕಾರ, ನೂಲಿನ ಧೂಳ ಕೂಡತೈತಿ” ಎಂದರು. ಚುಚ್ಚಿ ಆಡಿದ್ದಲ್ಲ. ನನ್ನ ಕನ್ನಡಕಕ್ಕೆ ನಿಜವಾಗಿಯೂ ಧೂಳು ಕೂತಿತ್ತು.

ನಮ್ಮ ನಾಲ್ಕೂ ತಾಲೂಕಿನಲ್ಲಿ ಅವರನ್ನು ಪಂದ್ಯಗಳಿಗೆ ಕರೆಯುವುದು ನಿಂತಿತು. ನಾನು ಸೋದರಮಾವನ ಕಡೆಯ ಹುಡುಗಿಯನ್ನು ತಮ್ಮನಿಗೆ ತಂದುಕೊಂಡೆ. ಒಳ್ಳೆಯವಳು, ಮಗಳೊಬ್ಬಳಿದ್ದಾಳೆ, ಸಂಸಾರ ನೆಟ್ಟಗಿದೆ. ತಮ್ಮ ಮೊಣಕಾಲಿನ ಪೆಟ್ಟಿನಿಂದ ಆಟ ಬಿಟ್ಟು ಟೆಂಪೋ ಹೊಡೆಯುತ್ತಾನೆ. ನಾನು ಹೆದರಿದಂತೆ ಒಂಟಿಯಾಗಲಿಲ್ಲ. ನನಗೆ ಬೇಕಾದದ್ದೆಲ್ಲ ಸಿಕ್ಕಿತು.

ಸಿಗಬಾರದ್ದೂ ಸಿಗುತ್ತಲೇ ಇತ್ತು. ಟೀಚರ್ ಹೋದ ಮುಂದಿನ ಸುಗ್ಗಿಗೇ ಕಿತ್ತೂರಿನ ಕಡೆಯಿಂದ ಒಂದು ಶಾಲೆಯವರು ಬಂದರು. “ಟೀಚರ್ ಕಳಿಸ್ಯಾರ್ರಿ. ‘ಬನಿಯನ್ ಹೊಲಿಸೂದಿದ್ರ ಬೈಲಹೊಂಗಲದ ಅಕ್ಕಾರ ಕಡೆನ ಹೋಗ್ರಿ, ಹೊಲಿಗಿ ಬಿಚ್ಚೂದಿಲ್ಲ’ ಅಂದಾರ.” ಆಮೇಲೆ ಇನ್ನೊಂದು ಶಾಲೆ, ಇನ್ನೊಂದು ತಂಡ. ಮೊದಮೊದಲು ಆ ಕೆಲಸ ಮುಟ್ಟಿದರೆ ಕೈ ಸುಡುತ್ತಿತ್ತು. ಬೇಡ ಎನ್ನೋಣ ಎಂದುಕೊಂಡೆ, ಅದಕ್ಕೂ ಧೈರ್ಯ ಬೇಕಾಗಿತ್ತು. ಹೊಲಿದೆ. ಇವತ್ತು ನನ್ನ ಅಂಗಡಿಯಲ್ಲಿ ಮೂರು ಮಷೀನು ಓಡುತ್ತವೆ. ಅವುಗಳಲ್ಲಿ ಎರಡು ಓಡುವುದು ಟೀಚರ್ ಕಳಿಸಿದ ಕೆಲಸದ ಮೇಲೆ. ಸೇಡು ಹೀಗೂ ತೀರಿಸಿಕೊಳ್ಳುತ್ತಾರೇನೋ ಎಂದು ಒಂದು ಕಾಲಕ್ಕೆ ಅನಿಸಿತ್ತು. ಅವರ ಜಾಯಮಾನದಲ್ಲಿ ಸೇಡು ಎಂಬುದೇ ಇರಲಿಲ್ಲ. ಹೊಲಿಗೆ ಗಟ್ಟಿ ಇದೆ ಎಂದು ಕಂಡಿತ್ತು, ಕಂಡದ್ದನ್ನು ಹೇಳಿದರು. ಅಷ್ಟೇ.

ಅವರು ಕೈಕಟ್ಟಿ ಕೂರಲಿಲ್ಲ. ದೊಡ್ಡ ಅಂಪೈರುಗಳ ಪರೀಕ್ಷೆ ಕಟ್ಟಿ ಪಾಸಾದರು. ದೊಡ್ಡ ದೊಡ್ಡ ಊರುಗಳಲ್ಲಿ ದೀಪ ಹಚ್ಚಿ ಆಡಿಸುವ ಲೀಗಿನಲ್ಲಿ ಸೀಟಿ ಹಿಡಿದರು. ಒಂದು ಸಂಜೆ ನಮ್ಮ ಟಿವಿಯಲ್ಲಿ ಕಂಡುಬಿಟ್ಟರು. ಬಗ್ಗಿ ನಿಂತು ಗೆರೆ ನೋಡುವ ಭಂಗಿ, ನೆಟ್ಟಗೆ ಚಾಚಿದ ತೋಳು. ತಮ್ಮ ಚಾನಲ್ ಬದಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದಕ್ಕೇ ತಂದ. ಮದುವೆಯ ಬಗ್ಗೆ ಯಾರಾದರೂ ಕೇಳಿದರೆ, “ಸೀಟಿ ಬಾಯಾಗ ಇರೂಮಟಾ ಯಾರಿಗೂ ಹೂಂ ಅನ್ನಾಕ ಬರೂದಿಲ್ಲಲ್ರಿ” ಎಂದು ನಗುತ್ತಾರಂತೆ.

ಕಳೆದ ಬೇಸಿಗೆಯಲ್ಲಿ ಅದೇ ಹಳ್ಳಿಯವರು ಅವರನ್ನು ಕರೆಸಿ ಸತ್ಕಾರ ಮಾಡಿದರು. ಈಗ ಅಲ್ಲಿಯೂ ಮ್ಯಾಟ್ ಬಂದಿದೆ. ಭಂಡಾರದ ತಟ್ಟೆ ಹಿಡಿದಿದ್ದ ಅದೇ ಹಿರಿಯರು ಶಾಲು ಹೊದಿಸಿದರು. ‘ನಮ್ಮ ಭಾಗದ ಹೆಮ್ಮೆಯ ಮಗಳು’ ಎಂದು ಮೈಕಿನಲ್ಲಿ ಕೂಗಿದರು. ಹಳೆಯದನ್ನು ಯಾರೂ ಎತ್ತಲಿಲ್ಲ. ಟೀಚರ್ ಎರಡೇ ಮಾತಾಡಿದರು. “ಅಂಪೈರಿಕಿ ನನಗ ಕಲಿಸಿದ್ದು ಈ ಮಣ್ಣು. ಆಟಾ ಶುರು ಮಾಡ್ರಿ, ಬಿಸಿಲ ಏರತೈತಿ.”

ತಮ್ಮನ ಟೆಂಪೋದಲ್ಲಿ ಬನಿಯನ್ನು ಹೇರಿಕೊಂಡು ನಾವೂ ಹೋಗಿದ್ದೆವು. ಸಮಾರಂಭ ಮುಗಿದ ಮೇಲೆ ಅವರೇ ನಮ್ಮನ್ನು ಹುಡುಕಿಕೊಂಡು ಪೆಂಡಾಲಿನ ಪಕ್ಕಕ್ಕೆ ಬಂದರು. ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು. ನನ್ನ ಕೈ ಹಿಡಿದು, “ಕಣ್ಣಿನ ನಂಬರ್ ಏರೇತೇನ್ರಿ ಅಕ್ಕಾರ?” ಎಂದರು. ನಾನು ಹೌದೆಂದು ತಲೆ ಆಡಿಸಿದೆ. ತಮ್ಮನ ಕಡೆ ತಿರುಗಿ, “ಆರಾಮ ಅದೀರಿ?” ಎಂದರು.

“ಆರಾಮ್ರಿ ಮೇಡಂ. ನೀವು?”

“ಆರಾಮ್ರಿ. ಮಗಳು ಸಾಲಿಗೆ ಹೊಂಟಾಳ?”

“ಹೊಂಟಾಳ್ರಿ.”

ತಮ್ಮ ಟೆಂಪೋದ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಿದ್ದ. ಬಹಳ ದಿನಗಳಿಂದ ಒಳಗೆ ಇಟ್ಟುಕೊಂಡದ್ದನ್ನು ಹೊರಗೆ ಹಾಕುವವನಂತೆ, ದೊಡ್ಡ ಮನಸ್ಸು ಮಾಡಿ ಹೇಳಿದ:

“ಹಳೇದು ಮನಸಿನಾಗ ಇಟ್ಕೋಬ್ಯಾಡ್ರಿ ಮೇಡಂ. ಅವತ್ತ ನಿಮ್ಮ ಕಣ್ಣು ತಪ್ಪಿತು, ಹೋಗಲಿ. ಮನಶ್ಯಾರ ಅಂದ ಮ್ಯಾಲ ತಪ್ಪತೈತಿ. ನಾ ಯಾವಾಗೋ ಕ್ಷಮಾ ಮಾಡೇನಿ ನಿಮಗ.”

ಟೀಚರ್ ನಕ್ಕರು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು. ದೇಶವೆಲ್ಲ ನಂಬುವ ಕಣ್ಣು ಅವರದು. ಅದನ್ನು ನಂಬದವನು ಒಬ್ಬನೇ, ಅದೂ ಇವನೇ. ಆದರೂ, “ಆತು ಬಿಡ್ರಿ, ಭಾಳ ಉಪಕಾರ ಆತು” ಎಂದು ಹೊರಡಲು ತಿರುಗಿದರು.

ನಾನು ಅವರ ಶಾಲಿನ ಅಂಚು ಹಿಡಿದೆ. ಆ ಹಿರಿಯರು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು, ಸುತ್ತ ಜನರಿದ್ದರು. ಇರಲಿ, ಕೇಳಲಿ ಎನಿಸಿತು.

“ತಮ್ಮಾ, ಕ್ಷಮಾ ಮಾಡಾಂವ ನೀ ಅಲ್ಲೋ. ನಿನ್ನ ಕಾಲು ಗೆರಿ ತುಳದಿತ್ತು. ಹಿಮ್ಮಡಕ್ಕ ಭಂಡಾರ ಹತ್ತಿದ್ದ ನಾ ನೋಡಿದೆ, ನಾನ ಒರಿಸಿದೆ, ನೀ ಕೇಳಿದಾಗ ಸುಳ್ಳ ಹೇಳಿದೆ. ಇವರು ನಿನ್ನ ಮುಂದ ನನ್ನ ಮಾನಾ ಕಾಯ್ದರು, ನಾ ಅವತ್ತ ಅಷ್ಟ ಮಂದಿ ಮುಂದ ಇವರ ಮಾನಾ ಕಳದೆ.” ತಮ್ಮನ ಕೈಯಿಂದ ಕೀಲಿ ಬಿತ್ತು. ನಾನು ಅವನನ್ನು ನೋಡಲಿಲ್ಲ, ಅವರನ್ನೇ ನೋಡಿದೆ. “ಟೀಚರ್, ನೀವು ಕಂಡದ್ದು ಖರೇ ಇತ್ತರಿ. ನಂದ ತಪ್ಪಾತ್ರಿ, ನನ್ನವ್ವಾ. ನಂದ ತಪ್ಪಾತು.”